ಗಾಯ ಮಾಯುವಾಗ ಕಾಲಿನಲ್ಲಿ ಕಟ್ಟುವ ಹೆಪ್ಪು

“ಮೂಳೆ ತಾನೆ, ಕೂಡಿಕೊಳ್ಳುತ್ತದೆ, ಪ್ರಾಣಕ್ಕೇನೂ ಭಯವಿಲ್ಲ” ಎಂಬ ಸಮಾಧಾನದ ಮಾತನ್ನು ನಾವು ಎಷ್ಟು ಮನೆಗಳಲ್ಲಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಕೈಯಲ್ಲಿ ಅರ್ಧ ಡಜನ್ ಮೂಸಂಬಿ ಹಿಡಿದು ಹೋಗಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿದು, ಈ ಮಾತನ್ನು ಹೇಳಿ ಎದ್ದು ಬರುವುದು ನಮ್ಮ ಪದ್ಧತಿ. 2019ರ ಜನವರಿಯಿಂದೀಚೆಗೆ ನಾವು ಅದನ್ನು ಹೇಳುವುದನ್ನು ಬಿಟ್ಟಿದ್ದೇವೆ. ಏಕೆಂಬುದನ್ನು ಸಂಘದ ಕುಟುಂಬಗಳಿಗೆ ತಿಳಿಸುವುದು ಒಳ್ಳೆಯದೆಂದು ತೋರಿ ಈ ಲೇಖನ ಬರೆಯುತ್ತಿದ್ದೇವೆ.

ನಮ್ಮ ಷಡ್ಡಕರು ವಿಜಯವಾಡದಲ್ಲಿ ಒಂದು ಚಿಕ್ಕ ಹೋಟೆಲು ನಡೆಸುತ್ತಾರೆ. ನಮ್ಮ ಹಿರಿಯರ ಬಾಯಲ್ಲಿ ಆ ಊರು ಇಂದಿಗೂ ಬೆಜವಾಡವೇ. 2018ರ ಡಿಸೆಂಬರಿನಲ್ಲಿ ಒಂದು ಮುಂಜಾನೆ ಗನ್ನವರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದವರಿಗೆ ಹಿಂದಿನಿಂದ ಬಂದ ವ್ಯಾನು ತಗುಲಿ ಎಡತೊಡೆಯ ಮೂಳೆ ಮುರಿಯಿತು. 108ರ ಗಾಡಿ ಬೇಗ ಬಂತು, ರಕ್ತ ಹೆಚ್ಚು ಹೋಗಲಿಲ್ಲ. ಮರುದಿನವೇ ಮೂಳೆಯೊಳಗೆ ಸರಳು ಕೂರಿಸಿದರು. ಒಂಬತ್ತನೆಯ ದಿನ ಮನೆಗೆ ಹೋಗಬಹುದೆಂದರು. ಗವರ್ನರ್‌ಪೇಟೆಯ ಅವರ ಬಾಡಿಗೆಮನೆ ಎರಡನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಹೋಟೆಲನ್ನೂ ರೋಗಿಯನ್ನೂ ಒಬ್ಬಳೇ ನೋಡಿಕೊಳ್ಳುವುದು ನಾದಿನಿಗೆ ಆಗದ ಮಾತು. “ಇಲ್ಲಿಗೇ ಕರೆದುಕೊಂಡು ಬನ್ನಿ, ನೆಲದ ಮನೆ, ಅತ್ತೆಯವರೂ ಇದ್ದಾರೆ” ಎಂದು ನಾವೇ ಕರೆದೆವು. ಏಲೂರು, ರಾಜಮಹೇಂದ್ರಿ, ತುನಿ, ಅನಕಾಪಲ್ಲಿ ದಾಟಿ ವಿಶಾಖಪಟ್ಟಣಕ್ಕೆ ಸುಮಾರು ಮುನ್ನೂರೈವತ್ತು ಕಿಲೋಮೀಟರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಎಂಟು ಗಂಟೆ ಕುಳಿತು ಬಂದರು.

ನಾವು ಮಾಡಿದ ಉಪಚಾರವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮುರಿದ ಕಾಲು ಅಲುಗಬಾರದೆಂದು ಇಬ್ಬದಿಗೂ ದಿಂಬು ಒತ್ತಿಟ್ಟೆವು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕೆಂದು ಆಸ್ಪತ್ರೆಯ ವ್ಯಾಯಾಮದವನು ಹೇಳಿದ್ದಾನೆಂದು ಷಡ್ಡಕರು ಹೇಳಿದಾಗ, “ಅವರು ಹಾಗೆ ಹೇಳುತ್ತಾರೆ, ನೀವು ಸುಮ್ಮನೆ ಮಲಗಿ” ಎಂದು ಗದರಿದೆವು. ಮಲಗಿದಲ್ಲಿಗೇ ತಟ್ಟೆ, ಮಲಗಿದಲ್ಲಿಗೇ ಪೇಪರು. ಬಚ್ಚಲಿಗೆ ಪದೇ ಪದೇ ಏಳಬೇಕಾದೀತೆಂದು ಅವರು ತಾವಾಗಿಯೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದರು; ಅದೂ ನಮ್ಮ ಗಮನಕ್ಕೆ ಬರಲಿಲ್ಲ. ಆಸ್ಪತ್ರೆಯಲ್ಲಿ ದಿನವೂ ಹೊಟ್ಟೆಯ ಚರ್ಮಕ್ಕೆ ಒಂದು ಚುಚ್ಚುಮದ್ದು ಕೊಡುತ್ತಿದ್ದರಂತೆ. ಅದು ನೋವಿಗೆ ಇರಬೇಕೆಂದು ಗಂಡಹೆಂಡಿರಿಬ್ಬರೂ ತಿಳಿದಿದ್ದರು. ನೋವು ಕಡಿಮೆಯಾಗಿತ್ತಲ್ಲ, ಚುಚ್ಚುಮದ್ದೂ ನಿಂತಿತು.

ಎಂಟು ದಿನ ಕಳೆಯಿತು. ಎಡ ಮೀನಖಂಡ ಊದಿತು. “ಆಪರೇಷನ್ ಆದ ಕಾಲು, ಊದದೆ ಏನು?” ಎಂದೆವು. ಒಂಬತ್ತನೆಯ ದಿನ ಸಂಜೆ ಅತ್ತೆಯವರು ಎಳ್ಳೆಣ್ಣೆ ಬೆಚ್ಚಗೆ ಮಾಡಿ ಬಟ್ಟಲಲ್ಲಿ ತಂದು, ಸೆರಗು ಸಿಕ್ಕಿಸಿ, ಕಾಲು ನೀವಲು ಕುಳಿತರು. ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಮಹಿಳೆ ಸಂಕ್ರಾಂತಿಯ ಅರಿಸೆಲು, ಎಂದರೆ ನಮ್ಮ ಕಜ್ಜಾಯ, ತಟ್ಟೆಯಲ್ಲಿಟ್ಟುಕೊಂಡು ಒಳಗೆ ಬಂದರು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ಕಾಲನ್ನು ನೋಡಿದವರೇ, “ವದ್ದಮ್ಮಾ, ಪಿಸಕವದ್ದು!” ಎಂದು ಕೂಗಿ, ತಟ್ಟೆಯನ್ನು ಎಲ್ಲಿಟ್ಟರೋ ತಿಳಿಯದು, ಅತ್ತೆಯವರ ಕೈಯನ್ನೇ ಹಿಡಿದರು. ಹೊಲಿಗೆಯ ಟೇಪು ಕೇಳಿ ಪಡೆದು ಎರಡು ಮೀನಖಂಡಗಳನ್ನೂ ಅಳೆದರು. ಎಡಗಾಲು ನಾಲ್ಕು ಸೆಂಟಿಮೀಟರು ಹೆಚ್ಚು. “ಊಪಿರಿ ಎಲಾ ಉಂದಿ?” ಎಂದು ಕೇಳಿದಾಗ, ಬೆಳಗಿನಿಂದ ಬಚ್ಚಲಿಗೆ ಹೋಗಿಬಂದರೆ ಏದುಸಿರು ಬರುತ್ತಿದೆಯೆಂದೂ, ಎಡಪಕ್ಕೆಯಲ್ಲಿ ಚುಚ್ಚಿದ ಹಾಗೆ ಆಗುತ್ತಿದೆಯೆಂದೂ ಷಡ್ಡಕರು ಆಗ ಬಾಯಿಬಿಟ್ಟರು. ನಮಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದರಂತೆ!

ಆ ರಾತ್ರಿಯೇ ಆಸ್ಪತ್ರೆ. ಡಾಪ್ಲರ್ ಪರೀಕ್ಷೆಯಲ್ಲಿ ತೊಡೆಯ ಒಳರಕ್ತನಾಳದಲ್ಲಿ ಹೆಪ್ಪು ಕಂಡಿತು. ಅದರ ತುಣುಕೊಂದು ಕಳಚಿಕೊಂಡು ಎಡ ಶ್ವಾಸಕೋಶಕ್ಕೆ ಹೋಗಿ ಸೇರಿತ್ತು. “ದೊಡ್ಡ ತುಣುಕಾಗಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ” ಎಂದಷ್ಟೇ ಹೇಳಿ ಡಾಕ್ಟರು, ವಿಜಯವಾಡದ ಕಾಗದಗಳನ್ನು ಕೇಳಿದರು. ಎಕ್ಸರೇ ಚೀಲದ ತಳದಿಂದ ನಾದಿನಿ ತೆಗೆದುಕೊಟ್ಟ ಬಿಡುಗಡೆಯ ಚೀಟಿಯಲ್ಲಿ, ಆ ಚುಚ್ಚುಮದ್ದನ್ನು ಇನ್ನೂ ಮೂರು ವಾರ ಮುಂದುವರಿಸಬೇಕೆಂದು ಒಂದು ಸಾಲು ಇಂಗ್ಲಿಷಿನಲ್ಲಿ ಇದ್ದೇ ಇತ್ತು. ಅದನ್ನು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೇಳಿದವರೂ ನಮ್ಮಲ್ಲಿ ಯಾರೂ ಇರಲಿಲ್ಲ.

ಇನ್ನು ಈ ಹೆಪ್ಪಿನ ವಿಚಾರ.

ಹಾಲಿಗೆ ಹೆಪ್ಪು ಹಾಕಿ ಅಲುಗದಂತೆ ಇಡುವ ನಮ್ಮ ಮನೆಯ ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕದಡುತ್ತಿದ್ದರೆ ಮೊಸರು ಕೂಡುವುದಿಲ್ಲ, ನಿಂತರೆ ಕೂಡುತ್ತದೆ. ರಕ್ತದ ಬಗೆ ಬೇರೆಯಾದರೂ ನಿಲ್ಲುವುದರ ದೋಷ ಒಂದೇ. ಕಾಲಿನಿಂದ ರಕ್ತ ಮೇಲಕ್ಕೆ ಹೃದಯಕ್ಕೆ ಏರಬೇಕಾದರೆ ಮೀನಖಂಡದ ಸ್ನಾಯು ಹಿಂಡಿ ತಳ್ಳಬೇಕು. ನಡೆಯುವವನಿಗೆ ಇದು ತಾನಾಗಿ ನಡೆಯುತ್ತದೆ, ಮಲಗಿದವನಿಗೆ ಇಲ್ಲ. ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ವೈದ್ಯ ಶ್ವಾಸಕೋಶದಲ್ಲಿ ಸಿಕ್ಕುವ ಹೆಪ್ಪು ಅಲ್ಲಿ ಹುಟ್ಟಿದ್ದಲ್ಲ, ಕಾಲಿನಿಂದ ತೇಲಿಬಂದದ್ದು ಎಂಬುದನ್ನು 1850ರ ಸುಮಾರಿಗೇ ತೋರಿಸಿಕೊಟ್ಟನು. ಹೆಪ್ಪಿಗೆ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಿಂದಲೇ ಹೇಳುತ್ತಾರೆ: ರಕ್ತ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವ ಸ್ವಭಾವಕ್ಕೆ ತಿರುಗುವುದು. ದೊಡ್ಡ ಗಾಯವಾದವನಲ್ಲಿ ಮೂರೂ ಒಟ್ಟಿಗೆ ಕೂಡುತ್ತವೆ. ಗಾಯದಿಂದ ಸೋರುವ ರಕ್ತವನ್ನು ನಿಲ್ಲಿಸಲು ಶರೀರ ತನ್ನ ಹೆಪ್ಪುಗಟ್ಟಿಸುವ ಶಕ್ತಿಯನ್ನೆಲ್ಲ ಎಬ್ಬಿಸುತ್ತದೆ. ಸೋರುವುದು ನಿಂತ ಮೇಲೂ ಆ ಆವೇಶ ಕೆಲವು ವಾರ ಇಳಿಯುವುದಿಲ್ಲ. ಪ್ರಾಣ ಉಳಿಸಿದ ಶಕ್ತಿಯೇ ಆಮೇಲೆ ಪ್ರಾಣಕ್ಕೆ ತಿರುಗುತ್ತದೆ.

ಬರಿದೆ ಕುಳಿತಿರುವುದರಿಂದ ಏನಾಗುತ್ತದೆಂಬುದಕ್ಕೆ ಯುದ್ಧಕಾಲದ ಒಂದು ಸಾಕ್ಷಿಯಿದೆ. 1940ರಲ್ಲಿ ಲಂಡನ್ನಿನ ಮೇಲೆ ರಾತ್ರಿರಾತ್ರಿ ಬಾಂಬು ಬೀಳುತ್ತಿದ್ದಾಗ ಜನ ನೆಲಮಾಳಿಗೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಇಡೀ ರಾತ್ರಿ ಕುಳಿತಿರುತ್ತಿದ್ದರು. ಬಾಂಬು ತಗುಲದೆಯೇ, ಬೆಳಗ್ಗೆ ಎದ್ದು ನಡೆಯುವಾಗ ಕೆಲವರು ಕುಸಿದು ಸಾಯುತ್ತಿದ್ದರು. ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದ ಕೀತ್ ಸಿಂಪ್ಸನ್ ಎಂಬ ವೈದ್ಯ ಅವರ ಶ್ವಾಸಕೋಶಗಳಲ್ಲಿ ಕಾಲಿನ ಹೆಪ್ಪನ್ನು ಕಂಡು ಬರೆದನು. ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ರಕ್ತವನ್ನು ತಡೆದಿತ್ತು. ಷಡ್ಡಕರ ಎಂಟು ಗಂಟೆಯ ಕಾರಿನ ಪ್ರಯಾಣ ನಮಗೆ ನೆನಪಾಗುವುದು ಈ ಸಂಗತಿಯನ್ನು ಓದಿದಾಗಲೇ.

ತಡೆಯುವ ಮದ್ದಿನ ಕಥೆಯೂ ಸ್ವಾರಸ್ಯವಾದುದೇ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ, ರಕ್ತ ಹೆಪ್ಪುಗಟ್ಟಿಸುವ ಪದಾರ್ಥವನ್ನು ಹುಡುಕುತ್ತಾ ಹೋಗಿ, ಹೆಪ್ಪುಗಟ್ಟಲು ಬಿಡದ ಪದಾರ್ಥವನ್ನು ಕಂಡನು. ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ದೊರೆತದ್ದರಿಂದ, ಯಕೃತ್ತಿನ ಗ್ರೀಕ್ ಹೆಸರನ್ನು ಹಿಡಿದು ಅವನ ಗುರು ಹೋವೆಲ್ ಅದಕ್ಕೆ ಹೆಪಾರಿನ್ ಎಂದು ಹೆಸರಿಟ್ಟನು. ನಮ್ಮ ಹೆಪ್ಪಿಗೂ ಹೆಪಾರಿನ್ನಿಗೂ ನಂಟಿಲ್ಲ. ಹೆಸರು ಕೇಳಿ ಹೆಪ್ಪು ಹಾಕುವ ಮದ್ದೆಂದು ಯಾರೂ ತಿಳಿಯಬಾರದು! ಇನ್ನೊಂದು ಮದ್ದು ಬಂದದ್ದು ದನದ ಕೊಟ್ಟಿಗೆಯಿಂದ. ಕೊಳೆತ ಸಿಹಿಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬ ಹಿಮಗಾಳಿಯಲ್ಲಿ ಸತ್ತ ಕಡಸನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ವಿಶ್ವವಿದ್ಯಾನಿಲಯದ ಕಾರ್ಲ್ ಲಿಂಕ್ ಎಂಬ ರಸಾಯನಜ್ಞನ ಬಾಗಿಲಿಗೆ ಹೋದನು. ಅಲ್ಲಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು.

ಗಾಯಾಳುಗಳಿಗೇ ಇದನ್ನು ಮೊದಲು ಚೆನ್ನಾಗಿ ಪರೀಕ್ಷಿಸಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಪಘಾತ ಆಸ್ಪತ್ರೆಯಲ್ಲಿ. ಸೆವಿಟ್ ಮತ್ತು ಗ್ಯಾಲಗರ್ ಎಂಬಿಬ್ಬರು ಸೊಂಟದ ಬಳಿ ತೊಡೆಮೂಳೆ ಮುರಿದ ಮುನ್ನೂರು ವಯಸ್ಕರಲ್ಲಿ ಅರ್ಧ ಜನಕ್ಕೆ ಹೆಪ್ಪು ತಡೆಯುವ ಮಾತ್ರೆ ಕೊಟ್ಟು, ಉಳಿದವರಿಗೆ ಕೊಡದೆ ನೋಡಿ, 1959ರಲ್ಲಿ ಫಲವನ್ನು ಪ್ರಕಟಿಸಿದರು. ಮಾತ್ರೆ ತೆಗೆದುಕೊಂಡವರಲ್ಲಿ ಹೆಪ್ಪೂ ಕಡಿಮೆ, ಸಾವೂ ಕಡಿಮೆ. ಆಮೇಲೆ ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ಅವರು ಮುಂದಾಗಿ ಹಲವು ದೇಶಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ 4,121 ರೋಗಿಗಳ ಮೇಲೆ ಅಲ್ಪ ಪ್ರಮಾಣದ ಹೆಪಾರಿನ್ ಪರೀಕ್ಷಿಸಿ, 1975ರಲ್ಲಿ ವರದಿ ಕೊಟ್ಟರು. ಹೆಪಾರಿನ್ ಇಲ್ಲದ ಗುಂಪಿನಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸತ್ತವರು 16, ಇದ್ದ ಗುಂಪಿನಲ್ಲಿ 2.

ಇವೆಲ್ಲಕ್ಕಿಂತ ನಮ್ಮನ್ನು ಬೆಚ್ಚಿಸಿದ್ದು 1994ರಲ್ಲಿ ಕೆನಡಾದ ಟೊರಾಂಟೋದಿಂದ ಬಂದ ವರದಿ. ತಡೆಯುವ ಮದ್ದು ಕೊಡದೆ ಇದ್ದ 349 ಭಾರಿ ಗಾಯಾಳುಗಳ ಕಾಲಿನ ನಾಳಗಳಿಗೆ ಬಣ್ಣದ ದ್ರವ ಬಿಟ್ಟು ಎಕ್ಸರೇ ತೆಗೆದಾಗ 201 ಜನರಲ್ಲಿ ಹೆಪ್ಪು ಕಂಡಿತು. ತೊಡೆಮೂಳೆ ಮುರಿದವರಲ್ಲಂತೂ ನೂರಕ್ಕೆ 80. ಆ 201 ಜನರ ಪೈಕಿ ಮೊದಲೇ ಹೊರಗೆ ಲಕ್ಷಣ ತೋರಿದ್ದವರು ಮೂವರು ಮಾತ್ರ! ಬಹುಪಾಲು ಹೆಪ್ಪುಗಳು ತಾವಾಗಿ ಕರಗುತ್ತವೆ ನಿಜ. ಆದರೆ ಯಾವುದು ಕರಗುತ್ತದೆ, ಯಾವುದು ಕಳಚಿಕೊಂಡು ಏರುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಆದ್ದರಿಂದಲೇ ಊತ ಬರಲೆಂದು ಕಾಯದೆ ಮೊದಲೇ ತಡೆಯುವುದು.

ಈ ಕಾಯಿಲೆ ಬಿಳಿಯರದು, ನಮ್ಮ ಜನಕ್ಕೆ ಅಪರೂಪ ಎಂಬ ನಂಬಿಕೆ ಭಾರತದ ವೈದ್ಯರಲ್ಲೂ ಬಹುಕಾಲ ಇತ್ತು. ಎನ್ಡಾರ್ಸ್ ಎಂಬ ಅಂತಾರಾಷ್ಟ್ರೀಯ ಸಮೀಕ್ಷೆಯ ಭಾರತದ ಭಾಗವನ್ನು ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಪಿಂಜಲ ರಾಮಕೃಷ್ಣ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಮಲಗಿದ್ದ 2,058 ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಪ್ಪಿನ ಅಪಾಯದಲ್ಲಿದ್ದರು. ಅಂಥವರಲ್ಲಿ ತಕ್ಕ ರಕ್ಷಣೆ ದೊರೆತದ್ದು ನೂರಕ್ಕೆ ಹದಿನೇಳು ಮಂದಿಗೆ. ಎಲ್ಲ ದೇಶಗಳನ್ನೂ ಸೇರಿಸಿದ ಸರಾಸರಿ ನೂರಕ್ಕೆ ಐವತ್ತು. ಆ ಸಮೀಕ್ಷೆ ನಡೆದ ಮೇಲೆ ಎಷ್ಟೋ ಆಸ್ಪತ್ರೆಗಳಲ್ಲಿ ಪದ್ಧತಿ ಸುಧಾರಿಸಿದೆ. ಷಡ್ಡಕರಿಗೆ ವಿಜಯವಾಡದಲ್ಲಿ ಮದ್ದು ಕೊಟ್ಟೇ ಇದ್ದರಷ್ಟೆ.

ಇನ್ನೊಂದು ಮಾತು. 2005ರಲ್ಲಿ ಆಂಧ್ರದಲ್ಲಿ 108ರ ಸೇವೆ ಮೊದಲಾದ ಮೇಲೆ, ರಸ್ತೆಯ ಮೇಲೆಯೇ ಮುಗಿದು ಹೋಗಬಹುದಾಗಿದ್ದ ಎಷ್ಟೋ ಜೀವಗಳು ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಕಡೆಗೆ ಸಕಾಲದಲ್ಲಿ ಬಂದು ಸೇರುತ್ತಿವೆ. ಮೊದಲನೆಯ ಗಂಟೆಯನ್ನು ಗೆದ್ದುಬಂದವರಿಗೇ ಈ ಎರಡನೆಯ ಗಂಡಾಂತರ ಕಾದಿರುವುದು. ಅದು ಬರುವ ಹೊತ್ತಿಗೆ ರೋಗಿ ಹೆಚ್ಚಾಗಿ ಆಸ್ಪತ್ರೆಯಲ್ಲಿರುವುದಿಲ್ಲ, ನಮ್ಮ ನಡುಮನೆಯ ಮಂಚದ ಮೇಲಿರುತ್ತಾನೆ.

ಇಲ್ಲಿ ನಮ್ಮ ಸೋದರತ್ತೆಯ ನೆನಪನ್ನು ತಡೆಯಲಾಗುತ್ತಿಲ್ಲ. 1974ರಲ್ಲಿ ಶಿವಮೊಗ್ಗೆಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಹತ್ತೊಂಬತ್ತನೆಯ ದಿನ ಬೆಳಗ್ಗೆ, ಚೆನ್ನಾಗಿ ಮಾತನಾಡುತ್ತಿದ್ದವರು ಕಾಫಿಗೆಂದು ದಿಂಬಿಗೊರಗಿ ಎದ್ದು ಕುಳಿತು, “ಯಾಕೋ ಉಸಿರು...” ಎಂದರಂತೆ. ಲೋಟ ಕೈಗೆ ಬರುವ ಮೊದಲೇ ಹೋಗಿಬಿಟ್ಟಿದ್ದರು. ಹಾರ್ಟ್ ಫೇಲಾಯಿತು ಎಂದು ಎಲ್ಲರೂ ಹೇಳಿದರು, ನಾವೂ ಹಾಗೆಯೇ ನಾಲ್ವತ್ತೈದು ವರ್ಷ ಹೇಳಿಕೊಂಡು ಬಂದೆವು. ವಿಶಾಖಪಟ್ಟಣದ ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದ ಆ ರಾತ್ರಿ ಮಾತ್ರ ಆ ಲೋಟವೇ ಕಣ್ಣಮುಂದೆ ಬರುತ್ತಿತ್ತು.

ಮನೆಯವರು ಮಾಡಬಹುದಾದದ್ದು ಏನೆಂದು ಆ ಡಾಕ್ಟರನ್ನು ಕೇಳಿ ತಿಳಿದುಕೊಂಡೆವು. ಕಟ್ಟು ಹಾಕಿದ ಕಾಲನ್ನು ಎಷ್ಟು ಊರಬಹುದೆಂಬುದು ಮೂಳೆಯ ವೈದ್ಯರಿಗೆ ಸೇರಿದ್ದು. ಆದರೆ ಅವರು ಬೇಡವೆನ್ನದಿದ್ದರೆ ಪಾದವನ್ನು ಆಡಿಸುವುದು, ಬೆರಳು ಮಡಿಸಿ ಬಿಡುವುದು, ಇನ್ನೊಂದು ಕಾಲನ್ನು ಮಡಚಿ ಚಾಚುವುದು, ಇವಿಷ್ಟನ್ನು ಎಚ್ಚರವಿದ್ದಾಗ ಗಂಟೆಗೊಮ್ಮೆ ಮಾಡಿಸಬೇಕು. ವಾಕರ್ ಹಿಡಿದು ಏಳಬಹುದೆಂದರೆ ಏಳಿಸಬೇಕು; ಪ್ರೀತಿಯಿಂದ ಮಲಗಿಸಿಡುವುದೇ ಅಪಾಯ. ಮೂತ್ರಪಿಂಡದ ತೊಂದರೆಯೇನೂ ಇಲ್ಲದವರಿಗೆ ನೀರು, ಮಜ್ಜಿಗೆ ಧಾರಾಳವಾಗಿ ಕೊಡಬೇಕು. ದೂರದ ಪ್ರಯಾಣ ತಪ್ಪದಿದ್ದರೆ ಹೊರಡುವ ಮೊದಲು ವೈದ್ಯರಿಗೆ ತಿಳಿಸಿ, ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗಬೇಕು. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬಾರದು; ತಿಕ್ಕಿದರೆ ಹೆಪ್ಪು ಕಳಚಿ ಮೇಲೇರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲೆಂದು ಕಾಯದೆ 108ನ್ನು ಕರೆಯಬೇಕು.

ಮದ್ದಿನ ವಿಷಯದಲ್ಲಿ ನಮ್ಮ ಜಾಣತನ ಬೇಡ. ರಕ್ತ ತೆಳುವಾಗಿಸುವ ಮದ್ದು ರಕ್ತಸ್ರಾವವನ್ನೂ ತರಬಲ್ಲದು. ತಲೆಗೆ ಪೆಟ್ಟಾದವರಿಗೆ, ಹೊಟ್ಟೆಯೊಳಗೆ ಗಾಯವಾದವರಿಗೆ ಅದು ನಿಲ್ಲುವವರೆಗೆ ವೈದ್ಯರು ಕಾಯುತ್ತಾರೆ. ಆ ತನಕ ಕಾಲಿಗೆ ಗಾಳಿಯ ಪಟ್ಟಿ ಸುತ್ತಿ, ಅದು ಉಬ್ಬಿ ಇಳಿದು ಮೀನಖಂಡವನ್ನು ಹಿಂಡುವಂತೆ ಯಂತ್ರ ಹೂಡುತ್ತಾರೆ. 2023ರಲ್ಲಿ ಅಮೆರಿಕ ಮತ್ತು ಕೆನಡಾದ 21 ಆಸ್ಪತ್ರೆಗಳ 12,211 ಮೂಳೆಮುರಿದ ರೋಗಿಗಳ ಪರೀಕ್ಷೆಯ ಫಲ ಪ್ರಕಟವಾಯಿತು. ಸಾವನ್ನು ತಡೆಯುವುದರಲ್ಲಿ ಅಗ್ಗದ ಆಸ್ಪಿರಿನ್ ಮಾತ್ರೆ ಹೆಪಾರಿನ್ ಜಾತಿಯ ಚುಚ್ಚುಮದ್ದಿಗೆ ಕಡಿಮೆಯಾಗಲಿಲ್ಲ, ಕಾಲಿನ ಹೆಪ್ಪು ಮಾತ್ರ ಸ್ವಲ್ಪ ಹೆಚ್ಚು ಕಂಡಿತು. ಚುಚ್ಚುಮದ್ದಿನ ಖರ್ಚು ಭಾರವಾಗುವ ಮನೆಗಳಿಗೆ ಇದು ಶುಭವಾರ್ತೆ. ಹಾಗೆಂದು ಡಬ್ಬಿಯಲ್ಲಿರುವ ಆಸ್ಪಿರಿನ್ನನ್ನು ನಾವೇ ಕೊಡುವುದಲ್ಲ, “ಇವರಿಗೆ ಅದು ಸಾಕೆ?” ಎಂದು ವೈದ್ಯರನ್ನು ಕೇಳುವುದು. ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆಂದು ಎಲ್ಲೋ ಓದಿ ಅತ್ತೆಯವರು ಒಂದು ದಿನ ಮುಖ ಸಿಂಡರಿಸಿದರು. ನಿಜವೇ. ಅಂಥ ಸಂಕೋಚವಿರುವವರು ಹೇಳಿದರೆ ಪ್ರಾಣಿಮೂಲವಲ್ಲದ ಬೇರೆ ಮದ್ದುಗಳೂ ಇವೆ. ಸಂಕೋಚದಿಂದ ಮದ್ದನ್ನೇ ಬಿಡುವುದು ಬೇಡ. ಅತ್ತೆಯವರೇ ಆಮೇಲೆ, “ಅಳಿಯ ಉಳಿದರೆ ಸಾಕು, ಮಡಿ ನಾಳೆಗಿರಲಿ” ಎಂದರು.

ಷಡ್ಡಕರು ಆರು ತಿಂಗಳು ಮಾತ್ರೆ ತೆಗೆದುಕೊಂಡು, ಈಗ ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದಾರೆ. ಗಂಟೆಗೊಮ್ಮೆ ಎದ್ದು ಅಡಿಗೆಮನೆಯವರೆಗೆ ಹೋಗಿ ಬರುತ್ತಾರೆ. ಭಟ್ಟರನ್ನು ಗದರಲು ಇದೊಂದು ನೆಪವೆಂದು ನಾದಿನಿಯ ದೂರು.

ನಮ್ಮವರಿಗೆ ಇಲ್ಲಿ ಭಾಷೆಯ ತೊಡಕೂ ಒಂದಿದೆ. ಹೆಪ್ಪುಗಟ್ಟುವುದಕ್ಕೆ ತೆಲುಗಿನಲ್ಲಿ ಗಡ್ಡಕಟ್ಟುವುದು ಎನ್ನುತ್ತಾರೆ. ಆಸ್ಪತ್ರೆಯ ಹುಡುಗಿ “ರಕ್ತಂ ಗಡ್ಡಕಟ್ಟಿಂದಿ” ಎಂದಾಗ ಅತ್ತೆಯವರು, “ಗಡ್ಡ ಬೋಳಿಸಲು ಈಗ ಯಾರಿಗೆ ಪುರಸೊತ್ತು?” ಎಂದು ಬೇಸರಪಟ್ಟುಕೊಂಡರು. ಆದಕಾರಣ ಬಿಡುಗಡೆಯ ದಿನ ಕೇಳಬೇಕಾದ ಪ್ರಶ್ನೆಯನ್ನು ಪಕ್ಕದ ಮನೆಯಾಕೆಯಿಂದಲೇ ಕೇಳಿ ಬರೆದುಕೊಂಡಿದ್ದೇವೆ. ಬಾಯಿಪಾಠವಾಗದಿದ್ದರೆ ಈ ಪುಟವನ್ನೇ ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋಗಬಹುದು: “ರಕ್ತಂ ಗಡ್ಡಕಟ್ಟಕುಂಡಾ ಇಂಜೆಕ್ಷನ್ ಇಂಟಿದಗ್ಗರ ಎನ್ನಿ ರೋಜುಲು ಇವ್ವಾಲಿ?” ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದನ್ನು ಮನೆಯಲ್ಲಿ ಎಷ್ಟು ದಿನ ಕೊಡಬೇಕು ಎಂದು ಇದರ ಅರ್ಥ. ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿರಿ.